ನೋವಿನ ಮದ್ದಿಗೆ ಎಷ್ಟು ಬೀಗ?

ಪಾಯಸಕ್ಕೆ ರುಬ್ಬುವ ಗಸಗಸೆಯನ್ನು ಎಲ್ಲರೂ ಬಲ್ಲರು. ಅದೇ ಗಿಡದ ಎಳೆಯ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿದರೆ ಅಫೀಮು. (ಪಾಯಸಕ್ಕೆ ಹೆದರಬೇಕಿಲ್ಲ, ಬಲಿತ ಬೀಜದಲ್ಲಿ ಅಮಲಿನ ಅಂಶ ಅಷ್ಟಾಗಿ ಇರುವುದಿಲ್ಲ.) ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ರೈತರು ಸರ್ಕಾರದ ಪರವಾನಗಿ ಪಡೆದು ಇದನ್ನು ಬೆಳೆಯುತ್ತಾರೆ. ಅಫೀಮಿನಿಂದ ತೆಗೆಯುವ ಮಾರ್ಫಿನ್, ಕ್ಯಾನ್ಸರ್ ರೋಗಿಗಳ ತೀವ್ರ ನೋವಿಗೆ ಇಂದಿಗೂ ಮುಖ್ಯ ಔಷಧ.

ನಮ್ಮ ಶರೀರವೇ ಎಂಡಾರ್ಫಿನ್ ಎಂಬ ನೋವುಶಾಮಕಗಳನ್ನು ತಯಾರಿಸುತ್ತದೆ. ಮಿದುಳು ಮತ್ತು ಮಿದುಳುಬಳ್ಳಿಯಲ್ಲಿ ಇವುಗಳಿಗೆಂದೇ ಇರುವ ಗ್ರಾಹಕಗಳಿಗೆ ಮಾರ್ಫಿನ್ ಕೂಡ ಅಂಟಿಕೊಂಡು ನೋವಿನ ಸಂದೇಶವನ್ನು ತಡೆಯುತ್ತದೆ. ಇದೇ ಗ್ರಾಹಕಗಳಿಗೆ ಸುಖದ ಅನುಭವದೊಂದಿಗೂ ಉಸಿರಾಟದೊಂದಿಗೂ ನಂಟಿದೆ. ಚಟ ಹತ್ತುವುದೂ, ಪ್ರಮಾಣ ಮೀರಿದರೆ ಉಸಿರು ನಿಲ್ಲುವುದೂ ಇದರಿಂದಲೇ.

ಮಾದಕ ವಸ್ತುಗಳ ಹಾವಳಿ ತಡೆಯಲು 1985ರಲ್ಲಿ ಹೊಸ ಕಾಯಿದೆ ಬಂತು. ಮಾರ್ಫಿನ್ ಸಂಬಂಧದ ಅಪರಾಧಕ್ಕೆ ಆಗ ಕನಿಷ್ಠ 10 ವರ್ಷ ಸೆರೆವಾಸ. ಆಸ್ಪತ್ರೆಯೊಂದು ಮಾರ್ಫಿನ್ ತರಿಸಬೇಕಾದರೆ ನಾಲ್ಕೈದು ಲೈಸೆನ್ಸು! ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಔಷಧ ಅಂಗಡಿಯವರಿಗೆ ಇದರ ಗೊಡವೆಯೇ ಬೇಡವಾಯಿತು. ವರ್ಷಕ್ಕೆ ನೂರಾರು ಕಿಲೋ ಇದ್ದ ದೇಶದ ವೈದ್ಯಕೀಯ ಬಳಕೆ 1997ರಲ್ಲಿ ಬರೀ 18 ಕಿಲೋಗೆ ಇಳಿಯಿತು. ಅಫೀಮನ್ನು ಹೊರದೇಶಗಳಿಗೆ ಕಳಿಸುವ ನಾಡಿನಲ್ಲೇ ರೋಗಿಗಳು ನರಳಿದರು. ಕಳ್ಳಸಾಗಣೆಯೇನೂ ನಿಲ್ಲಲಿಲ್ಲ.

ಹಾಗಾದರೆ ಬೀಗ ತೆಗೆದುಬಿಡೋಣವೇ? ಅಮೆರಿಕದ ಕಥೆ ಕೇಳಿ. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಮಾತ್ರೆಯಿಂದ ಚಟದ ಅಪಾಯ ಕಡಿಮೆಯೆಂದು ಕಂಪನಿ ಪ್ರಚಾರ ಮಾಡಿತು. ವೈದ್ಯರು ಬೆನ್ನುನೋವಿಗೂ ಬರೆದುಕೊಟ್ಟರು. 2007ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳುವ ಹೊತ್ತಿಗೆ ಚಟ ಊರೂರಿಗೆ ಹಬ್ಬಿತ್ತು.

ನಡುವಿನ ದಾರಿ ತೋರಿಸಿದ್ದು ನೆರೆಯ ಕೇರಳ. ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಉಪಶಮನ ಚಿಕಿತ್ಸೆಯ ಸಂಸ್ಥೆಯೊಂದನ್ನು ಕಟ್ಟಿದರು. ಲೆಕ್ಕ ಬರೆದಿಟ್ಟು ಮಾರ್ಫಿನ್ ಮಾತ್ರೆಗಳನ್ನು ರೋಗಿಗಳ ಮನೆಗೇ ಕೊಟ್ಟರು. ಎರಡು ವರ್ಷಗಳಲ್ಲಿ ಹೀಗೆ ಪಡೆದ 1,723 ರೋಗಿಗಳಲ್ಲಿ ದುರುಪಯೋಗದ ಒಂದು ಪ್ರಕರಣವೂ ಕಾಣಲಿಲ್ಲವೆಂಬ ವರದಿ 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು, ಹತ್ತು ಕಡೆ ಅಲೆಯಬೇಕಿಲ್ಲ.

ಆದರೂ ‘ಚಟ ಹತ್ತೀತು’ ಎಂದು ಅಜ್ಜನಿಗೆ ಮಾತ್ರೆ ಕೊಡದ ಮನೆಗಳಿವೆ. ಕ್ಯಾನ್ಸರ್ ನೋವಿಗೆ ವೈದ್ಯರು ಅಳೆದು ಕೊಟ್ಟಾಗ ಚಟ ಹತ್ತುವುದು ಅಪರೂಪ. ಕೆಲವು ವಾರ ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ಬೆವರು, ಚಡಪಡಿಕೆ ಬರಬಹುದು. ಅದು ದೇಹ ಔಷಧಕ್ಕೆ ಒಗ್ಗಿದ್ದರ ಲಕ್ಷಣ, ಚಟವಲ್ಲ. ವೈದ್ಯರೇ ಕ್ರಮೇಣ ಇಳಿಸುತ್ತಾರೆ. ಆದರೆ ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗಕೂಡದು. ಪೋಷಕರು ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಲಿ. ಉಳಿದದ್ದನ್ನು ಕೊಟ್ಟ ಆಸ್ಪತ್ರೆಗೇ ಮರಳಿಸಲಿ.