ನಿಮಗಿದು ಗೊತ್ತೇ? ಮೈ ತುಂಬುವುದು ಬೇರೆ, ಕಸುವು ಬರುವುದು ಬೇರೆ

ತೀವ್ರ ನಿಗಾ ಘಟಕದಲ್ಲಿ ಹತ್ತು ದಿನ ಮಲಗಿದ ರೋಗಿಯ ತೊಡೆಯ ಸ್ನಾಯು ಸರಾಸರಿ ಶೇ 18ರಷ್ಟು ಕರಗಿರುತ್ತದೆ. 63 ರೋಗಿಗಳ ತೊಡೆಯನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ಲಂಡನ್ನಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಲೆಕ್ಕವಿದು. ಹಲವು ಅಂಗಗಳು ಒಟ್ಟಿಗೆ ಸೋತವರಲ್ಲಿ ಕರಗಿದ್ದು ಇನ್ನೂ ಹೆಚ್ಚು. ಮನೆಗೆ ಬಂದ ಮೇಲೆ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಗುವುದು ಇದರಿಂದಲೇ. ಅದನ್ನು ಸೋಮಾರಿತನವೆಂದೋ ಹೆದರಿಕೆಯೆಂದೋ ಮನೆಯವರು ತಿಳಿಯಬಾರದು.

ಕಾಯಿಲೆಯೇ ಇರಬೇಕೆಂದಿಲ್ಲ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಮೆರಿಕದ ಒಂದು ಅಧ್ಯಯನದಲ್ಲಿ (2007) ಕಾಲುಗಳಿಂದಲೇ ಸುಮಾರು ಒಂದು ಕೆಜಿ ಕೊಬ್ಬುರಹಿತ ಅಂಗಾಂಶ ಹೋಗಿತ್ತು. ಹೊಟ್ಟೆಗೆ ಊಟ ಸರಿಯಾಗಿಯೇ ಸಿಗುತ್ತಿತ್ತು.

ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಉರಿಸುವ ಶಕ್ತಿ ಶೇ 10ರಿಂದ 13ರಷ್ಟು ಹೆಚ್ಚುತ್ತದೆ. ಬಾಯಿ ಕೆಟ್ಟು ಅನ್ನ ಸೇರದ ದಿನಗಳಲ್ಲೇ ಖರ್ಚು ಹೆಚ್ಚು.

ಜ್ವರಕ್ಕೆ ಲಂಘನವೇ ಮದ್ದು ಎಂಬ ಮಾತು ನಮ್ಮಲ್ಲಷ್ಟೇ ಇರಲಿಲ್ಲ. ಯುರೋಪಿನಲ್ಲೂ ಜ್ವರದವರನ್ನು ಉಪವಾಸ ಕೆಡವುತ್ತಿದ್ದರು. ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ (1796–1853) ಅದನ್ನು ವಿರೋಧಿಸಿ ರೋಗಿಗಳಿಗೆ ಉಣಿಸತೊಡಗಿದರು. ಜ್ವರದವರಿಗೆ ಉಣಿಸಿದವನೆಂದೇ ತನ್ನ ಗೋರಿಯ ಮೇಲೆ ಬರೆಯಲಿ ಎಂದು ಅವರು ಬಯಸಿದ್ದರಂತೆ. ಥೈರಾಯ್ಡಿನ ‘ಗ್ರೇವ್ಸ್ ಕಾಯಿಲೆ’ಗೆ ಹೆಸರು ಬಂದದ್ದು ಇವರಿಂದಲೇ.

ಸೊರಗಿದ ದೇಹ ಮತ್ತೆ ತುಂಬಿಕೊಳ್ಳುವುದು ಹೇಗೆ ಎಂಬುದನ್ನು ಅತಿ ವಿವರವಾಗಿ ತಿಳಿಸಿಕೊಟ್ಟವರು ರೋಗಿಗಳಲ್ಲ, ಗಟ್ಟಿಮುಟ್ಟಾದ 36 ತರುಣರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದ ಈ ಅಮೆರಿಕನ್ನರು, ಯುದ್ಧದಲ್ಲಿ ಹಸಿದವರಿಗೆ ನೆರವಾಗಲೆಂದು ತಾವೇ ಹಸಿದಿರಲು ಮುಂದೆ ಬಂದರು. 1944ರ ನವೆಂಬರಿನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಅವರ ಪ್ರಯೋಗ ಶುರುವಾಯಿತು. 24 ವಾರ ಅರೆಹೊಟ್ಟೆ. ಮೈತೂಕದ ಕಾಲು ಭಾಗ ಇಳಿಯಿತು. ಬಳಿಕ 12 ವಾರ ಹಂತಹಂತವಾಗಿ ಊಟ ಹೆಚ್ಚಿಸಿದರು.

ಆಗ ಕಂಡದ್ದೇನು? ಮೊದಲು ತುಂಬಿಕೊಂಡದ್ದು ಕೊಬ್ಬು. ಸ್ನಾಯು ಬಹಳ ಹಿಂದೆ ಉಳಿಯಿತು. ವಿಟಮಿನ್ ಮಾತ್ರೆ ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಒಟ್ಟು ಊಟ ಹೆಚ್ಚಿದಾಗಲೇ ಚೇತರಿಕೆ ಚುರುಕಾಯಿತು. ದೊಡ್ಡವರು ಪೂರ್ತಿ ಕಸುವು ಪಡೆಯಲು ಕೆಲವು ತಿಂಗಳ ಕಾಲ ದಿನಕ್ಕೆ 4,000 ಕ್ಯಾಲೊರಿಯಷ್ಟು ಉಣ್ಣಬೇಕಾದೀತು ಎಂದು ಕೀಸ್ ಅಂದಾಜಿಸಿದರು. ಹೊಟ್ಟೆ ಬಿರಿಯುವಂತೆ ಉಂಡ ಮೇಲೂ ಆ ತರುಣರಿಗೆ ತಿಂಗಳುಗಟ್ಟಲೆ ಹಸಿವೆ ಹಿಂಗಿರಲಿಲ್ಲ. ದೊಡ್ಡ ಕಾಯಿಲೆಯಿಂದ ಎದ್ದವರು ಊಟವಾದ ಅರ್ಧ ಗಂಟೆಗೇ ಅಡುಗೆಮನೆಯ ಕಡೆ ನೋಡಿದರೆ ದಯವಿಟ್ಟು ಯಾರೂ ನಗಬೇಡಿ. ದೇಹ ತನ್ನ ಸಾಲ ವಸೂಲಿ ಮಾಡುತ್ತಿರುತ್ತದೆ.

ಆದರೆ ಆತುರವೂ ಕೊಲ್ಲುತ್ತದೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಜರ್ಮನಿಯ ಬೆರ್ಗೆನ್-ಬೆಲ್ಸನ್ ಶಿಬಿರವನ್ನು ಬಿಡಿಸಿದಾಗ ಸೈನಿಕರು ಕರುಣೆಯಿಂದ ತಮ್ಮ ಡಬ್ಬಿಯ ಜಿಡ್ಡಿನ ಊಟವನ್ನೇ ಕೊಟ್ಟರು. ಅದು ಅನೇಕರಿಗೆ ಮುಳುವಾಯಿತು. ಬಿಡುಗಡೆಯ ನಂತರದ ವಾರಗಳಲ್ಲಿ ಸಾವಿರಾರು ಜನ ಸತ್ತರು. ಟೈಫಸ್ ಜ್ವರ ಮತ್ತು ಹಸಿವಿನ ಜೊತೆ ತಾಳಲಾರದ ಆಹಾರವೂ ಕಾರಣವಾಗಿತ್ತು. ಆಮೇಲೆ ಅಲ್ಲಿಗೆ ತರಿಸಿದ್ದು ‘ಬೆಂಗಾಲ್ ಫ್ಯಾಮಿನ್ ಮಿಕ್ಸ್‌ಚರ್’. 1943ರ ಬಂಗಾಳದ ಬರಗಾಲದಲ್ಲಿ ಬಳಸಿದ್ದ, ಹಾಲಿನ ಪುಡಿ, ಹಿಟ್ಟು, ಸಕ್ಕರೆ, ಉಪ್ಪು ಕದಡಿದ ಗಂಜಿ. ಯುರೋಪಿನ ಬಾಯಿಗೆ ಆ ಸಿಹಿ ಒಗ್ಗಲಿಲ್ಲ. ಬಹಳ ಮಂದಿ ದೂರವಿಟ್ಟರು.

ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಊಟ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಥಟ್ಟನೆ ಜೀವಕೋಶಗಳೊಳಗೆ ಸರಿಯುತ್ತವೆ. ಹೃದಯದ ಬಡಿತ ತಪ್ಪಬಹುದು. ಹತ್ತು ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಹೆಚ್ಚೇನೂ ಕಾಣದವರಿಗೆ, ತೀರಾ ಎಲುಬು ಚಕ್ಕಳವಾದವರಿಗೆ ಊಟ ಹೆಚ್ಚಿಸುವುದು ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ.

ಊಟ ಸೇರತೊಡಗಿದ ಮೊದಲ ವಾರ ತೂಕ ಎರಡು ಕೆಜಿ ಏರಿತೇ? ಅದರಲ್ಲಿ ನೀರಿನ ಪಾಲು ದೊಡ್ಡದು. ದೇಹ ಒಂದು ಗ್ರಾಂ ಗ್ಲೈಕೋಜನ್ ಕೂಡಿಡುವಾಗ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಡುತ್ತದೆ. ತೂಕದ ಜೊತೆ ಪಾದವೂ ಊದಿ, ಬೆರಳೊತ್ತಿದರೆ ಗುಳಿ ಬೀಳುವಂತಿದ್ದರೆ ಸಂತೋಷಪಡಬೇಡಿ, ಡಾಕ್ಟರಿಗೆ ತೋರಿಸಿ.

ಕೆನಡಾದ ಟೊರಾಂಟೊದಲ್ಲಿ ವೈದ್ಯೆ ಮಾರ್ಗರೆಟ್ ಹೆರಿಡ್ಜ್ ಮತ್ತು ಸಂಗಡಿಗರು, ಶ್ವಾಸಕೋಶ ಕೈಕೊಟ್ಟು ವೆಂಟಿಲೇಟರ್ ಮೇಲಿದ್ದು ಬದುಕಿದ 109 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಐಸಿಯುವಿನಿಂದ ಹೊರಬರುವಾಗ ಅವರು ತಮ್ಮ ತೂಕದಲ್ಲಿ ಶೇ 18ರಷ್ಟು ಕಳೆದುಕೊಂಡಿದ್ದರು. ವರ್ಷ ತುಂಬುವಷ್ಟರಲ್ಲಿ ಶೇ 71 ಜನರ ತೂಕ ಮೊದಲಿನಂತಾಗಿತ್ತು. ಆದರೆ ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ, ಅವರ ವಯಸ್ಸಿನವರು ನಡೆಯಬೇಕಾದುದರ ಮೂರನೇ ಎರಡು ಭಾಗ ಮಾತ್ರ. ಐದು ವರ್ಷವಾದರೂ ಅದು ಶೇ 76ನ್ನು ದಾಟಲಿಲ್ಲ. ನನ್ನ ಮಟ್ಟಿಗೆ ಈ ಅಂಕಣದ ಅತಿ ಮುಖ್ಯ ಸಂಗತಿ ಇದೇ. ತಕ್ಕಡಿಯ ಮುಳ್ಳು ಹಳೆಯ ಜಾಗಕ್ಕೆ ಬಂದ ದಿನ ನಾವು ಆರೈಕೆ ನಿಲ್ಲಿಸುತ್ತೇವೆ, ರೋಗಿಯ ಕೈಕಾಲಿಗೆ ಅಂದಿಗೂ ಬಹಳ ದಾರಿ ಬಾಕಿ ಇರುತ್ತದೆ.

ಹಾಗೆಂದು ತೂಕ ಲೆಕ್ಕಕ್ಕಿಲ್ಲ ಎಂದಲ್ಲ. ಮೈ ಸೊರಗಿಸುವ ಕ್ಷಯದ ವಿಷಯಕ್ಕೆ ಬಂದರೆ ಹೆಮ್ಮೆಪಡುವ ಕೆಲಸ ಮಂಗಳೂರಿನವರದು. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳಿಗೆ ಔಷಧದ ಜೊತೆ ಪ್ರತಿ ತಿಂಗಳು ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆಯ ಬುಟ್ಟಿ ಕೊಟ್ಟು ನೋಡಿದರು. ಐವರಲ್ಲಿ ನಾಲ್ವರು ಮೊದಲೇ ಪೌಷ್ಟಿಕತೆ ಇಲ್ಲದೆ ಬಡಕಲಾಗಿದ್ದವರು. 2023ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಗಳಲ್ಲಿ ಬಂದ ಫಲಿತಾಂಶ: ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ. ನಲವತ್ತು ಕೆಜಿ ತೂಗುವವರಿಗೆ ಶೇ 5 ಅಂದರೆ ಬರೀ ಎರಡು ಕೆಜಿ! ಮನೆಮಂದಿಗೂ ಅಕ್ಕಿ-ಬೇಳೆ ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು ತಗ್ಗಿತ್ತು.

ಊಟ ಔಷಧಕ್ಕೆ ಬದಲಿಯಲ್ಲ ಎಂಬುದಕ್ಕೂ ಸಾಕ್ಷಿ ನಮ್ಮ ದಕ್ಷಿಣದಲ್ಲೇ ಇದೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನದಲ್ಲಿ ಕ್ಷಯರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಟೋರಿಯಂನಲ್ಲಿ, ಉಳಿದವರನ್ನು ಅವರ ಬಡ ಮನೆಗಳಲ್ಲೇ ಇರಿಸಿ ಎಲ್ಲರಿಗೂ ಒಂದೇ ಬಗೆಯ ಔಷಧ ಕೊಟ್ಟರು. ಸ್ಯಾನಟೋರಿಯಂನವರ ತೂಕ ಹೆಚ್ಚು ಏರಿತು. ರೋಗ ಗುಣವಾದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಮೈ ತುಂಬಿತೆಂದು ಕ್ಷಯದ ಮಾತ್ರೆಯನ್ನು ನಡುವೆ ನಿಲ್ಲಿಸುವವರು ಇದನ್ನು ನೆನಪಿಡಬೇಕು.

ಅಂದಹಾಗೆ, ಕ್ಷಯರೋಗಿಗಳ ಪೋಷಣೆಗೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಬಾರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಚೇತರಿಸಿಕೊಳ್ಳುವಾಗ ಹೆದರಿಸುವ ಸಂಗತಿ ಇನ್ನೊಂದಿದೆ. ಕಾಯಿಲೆ ವಾಸಿಯಾಗಿ ಎರಡು-ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು ಬರುವುದುಂಟು. ಹೊಸ ರೋಗವಲ್ಲ, ಜ್ವರದ ದಿನಗಳಲ್ಲೇ ಬೆಳವಣಿಗೆ ನಿಲ್ಲಿಸಿದ್ದ ಕೂದಲು ಈಗ ಉದುರುತ್ತಿದೆ. ಸಾಮಾನ್ಯವಾಗಿ ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಉಗುರಿನ ಅಡ್ಡಗೆರೆಯೂ ಹಾಗೆಯೇ. ಫ್ರಾನ್ಸಿನ ವೈದ್ಯ ಬೋ 1846ರಲ್ಲಿ ವಿವರಿಸಿದ ಗೆರೆಯಿದು. ಕೈಯುಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುವುದರಿಂದ, ಗೆರೆ ಎಲ್ಲಿದೆ ಎಂದು ನೋಡಿ ಕಾಯಿಲೆ ಬಿದ್ದ ತಿಂಗಳನ್ನು ಊಹಿಸಬಹುದು.

ಇನ್ನು ತಟ್ಟೆಯ ಲೆಕ್ಕ. ಕಾಯಿಲೆಯಿಂದ ಏಳುತ್ತಿರುವ ಹಿರಿಯರಿಗೆ ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕೆಂಬುದು ತಜ್ಞರ ಸಲಹೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಹೊಂದದು, ಅವರು ಕೇಳಿಯೇ ತಿನ್ನಬೇಕು. ಐವತ್ತು ಕೆಜಿಯವರಿಗೆ 60 ಗ್ರಾಂ ಆದರೂ ಆಯಿತಲ್ಲ! ಎರಡು ಚಮಚ ಹಿಟ್ಟಿನ ರಾಗಿ ಗಂಜಿಯಲ್ಲಿ ಸಿಗುವುದು ಒಂದೂವರೆ ಗ್ರಾಂ. ಗಂಜಿ ಹಗುರ, ಹಿತ, ಮೊದಲ ದಿನಗಳಿಗೆ ಸರಿ. ತಿಂಗಳು ಕಳೆದರೂ ಗಂಜಿಯಲ್ಲೇ ಇಟ್ಟರೆ ಸ್ನಾಯು ಎಲ್ಲಿಂದ ಬರಬೇಕು? ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರು, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳು. ಅದೇ ಗಂಜಿಗೆ ಹಾಲು, ಹುರಿಗಡಲೆ ಪುಡಿ, ಒಂದು ಚಮಚ ತುಪ್ಪ ಬಿದ್ದರೆ ಅದರ ತೂಕವೇ ಬೇರೆ. ಉತ್ತರ ಕರ್ನಾಟಕದ ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಯಲ್ಲಿ ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಎಲ್ಲವೂ ಅಂಗೈಯಗಲದಲ್ಲಿ ಸೇರಿರುತ್ತವೆ. ಎರಡೇ ತುತ್ತು ಸೇರುವ ಬಾಯಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಬೇಡ.

ಉಂಡದ್ದು ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ, ತೀರಾ ನಿತ್ರಾಣದ ಹತ್ತು ಮಂದಿಗೆ ವೈದ್ಯೆ ಮರಿಯಾ ಫಿಯಾಟರೋನ್ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರೈಸಿದವರ ಕಾಲಿನ ಬಲ ಸರಾಸರಿ ಶೇ 174 ಹೆಚ್ಚಿತು. ತೊಂಬತ್ತಕ್ಕೆ ಆದದ್ದು ಐವತ್ತೈದಕ್ಕೆ ಆಗದೇ?

ಈ ಬಲವನ್ನು ಮನೆಯಲ್ಲೇ ಅಳೆಯಬಹುದು. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆಯಿದೆ ಎಂದರ್ಥ. ಬೀಳದಂತೆ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಕಾಯಿಲೆಯವರನ್ನು ನೋಡಲು ಹೊರಟಾಗ ನಮ್ಮ ಕೈಯಲ್ಲಿ ಇರುವುದು ಸೇಬು, ಬ್ರೆಡ್ಡು, ಎಳನೀರು. ಒಂದು ಸೇಬಿನಲ್ಲಿರುವ ಪ್ರೋಟೀನ್ ಅರ್ಧ ಗ್ರಾಂ. ಈ ಸಲ ಮನೆಯವರನ್ನು ಕೇಳಿಕೊಂಡು, ಪಥ್ಯಕ್ಕೆ ಒಗ್ಗುವುದಾದರೆ, ಒಂದು ಡಜನ್ ಮೊಟ್ಟೆಯನ್ನೋ ಒಂದು ಡಬ್ಬಿ ಶೇಂಗಾ ಉಂಡೆಯನ್ನೋ ಒಯ್ಯಿರಿ. ಎಷ್ಟು ಸೊರಗಿಬಿಟ್ಟಿರಿ ಎನ್ನಬೇಡಿ. ಕೈ ಕೊಟ್ಟು ಎಬ್ಬಿಸಿ, ಬಾಗಿಲವರೆಗೆ ನಿಮ್ಮ ಜೊತೆ ನಡೆಸಿ, ನಾಳೆ ಅಂಗಳದವರೆಗೆ ಹೋಗೋಣ ಎಂದು ಹೇಳಿ ಬನ್ನಿ.