ಕುದುರೆ ಎತ್ತಲ್ಲ: ಮೇವಿನಲ್ಲಿ ನಾನು ಕಲಿತ ಪಾಠ

ನಮ್ಮದು ಮಾಗಡಿ ತಾಲ್ಲೂಕಿನ ಕಲ್ಯ. ಮಳೆ ನಂಬಿದ ಬೇಸಾಯ, ಕೆಂಪು ಗರಸು ಭೂಮಿ. ರಾಗಿ, ಸಾಲಿಗೆ ಅವರೆ, ಕೊನೇ ಮಳೆಗೆ ಒಂದಿಷ್ಟು ಹುರುಳಿ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನಮ್ಮ ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಜೋಡಿ ಯಾವಾಗಲೂ ಇರುತ್ತಿತ್ತು. ಎತ್ತು ಸಾಕೋದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಧೈರ್ಯದ ಮೇಲೇ 2014ರಲ್ಲಿ ಒಂದು ಹೆಣ್ಣು ತಟ್ಟು ಕುದುರೆ ತಂದೆ. ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುತ್ತಿತ್ತು. ಮಳೆ ಕೈ ಕೊಟ್ಟ ವರ್ಷ ಮನೆ ಖರ್ಚಿಗೆ ಅದೇ ಆಸರೆ.

ಎರಡು ವರ್ಷ ಏನೂ ತೊಂದರೆ ಆಗಲಿಲ್ಲ. 2016ರ ಬೇಸಿಗೆಯಲ್ಲಿ ಒಂದು ದಿನ ದೂರದ ಮದುವೆ ಮುಗಿಸಿ ರಾತ್ರಿ ಬಂದೆವು. ಪಾಪ, ದಣಿದಿದೆ ಅಂತ, ಉತ್ತು ಬಂದ ಎತ್ತಿಗೆ ಇಡೋ ಹಾಗೆ ಒಂದು ಮಂಕರಿ ಹುರುಳಿ ಸುರಿದೆ. ಸಾಲದು ಅಂತ ಮದುವೆ ಮನೆಯವರು ಕೊಟ್ಟಿದ್ದ ಮಿಕ್ಕ ಅನ್ನವನ್ನೂ ಇಟ್ಟೆ. ಬೆಳಗ್ಗೆ ನೋಡಿದರೆ ಮೈಯೆಲ್ಲ ಬೆವರು. ಕಾಲು ಕೆರೆಯುತ್ತೆ, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತೆ, ನೆಲಕ್ಕೆ ಬಿದ್ದು ಹೊರಳುತ್ತೆ. ಲದ್ದಿ ಇಲ್ಲ.

ಪಕ್ಕದ ಮನೆಯವರು ಗೊಟ್ಟ, ಎಣ್ಣೆ ಹಿಡಿದು ಬಂದರು. ಅಷ್ಟರಲ್ಲಿ ಪಶು ಡಾಕ್ಟರು ಫೋನಿಗೆ ಸಿಕ್ಕಿದರು. "ಗೌಡ್ರೇ, ಗೊಟ್ಟ ಮಾತ್ರ ಹಾಕಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದರಿಂದಲೇ ಸಾಯುತ್ತೆ. ಮುಂದಿರೋ ಮೇವೆಲ್ಲ ತೆಗೀರಿ, ನಾನು ಬರೋತನಕ ನಿಧಾನಕ್ಕೆ ಅಡ್ಡಾಡಿಸಿ" ಅಂದರು. ಬಂದು ಮೂಗಿನಿಂದ ಹೊಟ್ಟೆಗೆ ಪೈಪು ಇಳಿಸಿ ಔಷಧಿ ಕೊಟ್ಟರು. ಜೀವ ಉಳಿಯಿತು. ಆದರೆ ಎರಡು ದಿನ ಬಿಟ್ಟು ಮುಂಗಾಲಿನ ಗೊರಸು ಬಿಸಿಯಾಯಿತು. ಹೆಜ್ಜೆ ಇಡಲಾರದೆ ಹಿಂಗಾಲ ಮೇಲೆ ಭಾರ ಹಾಕಿ ನಿಂತುಬಿಟ್ಟಿತು. ಆ ವರ್ಷದ ಮದುವೆ ಸೀಸನ್ನೆಲ್ಲ ಹೋಯಿತು. ಇವತ್ತಿಗೂ ಅದು ಗಟ್ಟಿ ರಸ್ತೆಯಲ್ಲಿ ಸ್ವಲ್ಪ ಕುಂಟುತ್ತೆ.

ತಪ್ಪು ಎಲ್ಲಿ ಆಯಿತು?

"ನೀವು ಇದನ್ನ ಎತ್ತು ಅಂದ್ಕೊಂಡ್ರಿ" ಅಂತ ಡಾಕ್ಟರು ಬಿಡಿಸಿ ಹೇಳಿದರು. ಎತ್ತಿನ ಹೊಟ್ಟೆಗೆ ನಾಲ್ಕು ಭಾಗ. ಗಬಗಬ ತಿಂದು, ಆಮೇಲೆ ಮಲಗಿ ಮೆಲುಕು ಹಾಕುತ್ತೆ. ಕುದುರೆ ಮೆಲುಕು ಹಾಕೋದಿಲ್ಲ. ದೇಹ ದೊಡ್ಡದಾದರೂ ಹೊಟ್ಟೆ ಚಿಕ್ಕದು. ತಟ್ಟುವಿಗೆ ಹೆಚ್ಚೆಂದರೆ ಒಂದು ಬಿಂದಿಗೆಯಷ್ಟು. ಜಾಸ್ತಿಯಾದರೆ ವಾಂತಿ ಮಾಡಲೂ ಬರೋದಿಲ್ಲ. ಹುಲ್ಲು ಜೀರ್ಣವಾಗೋದು ಹಿಂದಿನ ದೊಡ್ಡ ಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮ ಜೀವಿಗಳಿಂದ. ಒಂದೇ ಸಲ ಕಾಳು, ಅನ್ನ ತುಂಬಿದರೆ ಅರಗದೆ ಅಲ್ಲಿಗೆ ಹೋಗಿ ಹುಳಿಯುತ್ತೆ. ಗಾಳಿ ತುಂಬಿ ಶೂಲೆ ಬರುತ್ತೆ, ನಂಜು ಗೊರಸಿಗೆ ಇಳಿಯುತ್ತೆ.

ಅನ್ನದ ತಪ್ಪು ಇವತ್ತಿನದಲ್ಲ. ಏಳು ನೂರು ವರ್ಷದ ಹಿಂದೆ ತಮಿಳು ಕರಾವಳಿಗೆ ಬಂದಿದ್ದ ಮಾರ್ಕೊ ಪೋಲೊ, ಅಲ್ಲಿ ಕುದುರೆಗೆ ಬೇಯಿಸಿದ ಅನ್ನ, ಮಾಂಸ ಕೊಡುತ್ತಾರೆ, ಕುದುರೆಗಳು ಬಾಳೋದಿಲ್ಲ ಅಂತ ಬರೆದಿದ್ದಾನೆ.

ಈಗ ಹೇಗೆ ಕೊಡುತ್ತೇನೆ

ನನ್ನ ತಟ್ಟು ಸುಮಾರು 250 ಕೆ.ಜಿ. ತೂಗುತ್ತೆ. ನೂರು ಕೆ.ಜಿ. ತೂಕಕ್ಕೆ ದಿನಕ್ಕೆ 2 ಕೆ.ಜಿ. ಒಣ ಲೆಕ್ಕದ ಆಹಾರ ಬೇಕು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ನಾನು 4 ಕೆ.ಜಿ. ಒಣ ಹುಲ್ಲು ಕೊಡುತ್ತೇನೆ, ಒಂದೇ ಸಲ ಅಲ್ಲ, ನಾಲ್ಕು ಸಲ. ರಾತ್ರಿಗೆ ದೊಡ್ಡ ಪಾಲು. ಮಳೆಗಾಲದಲ್ಲಿ ಬದುವಿನ ಗರಿಕೆ ಸಿಗುತ್ತೆ. ಕುದುರೆಗೆ ಅದಕ್ಕಿಂತ ಒಳ್ಳೇ ಹುಲ್ಲಿಲ್ಲ. ಹಸಿ ಹುಲ್ಲಿನಲ್ಲಿ ನೀರೇ ಹೆಚ್ಚು, ಆದ್ದರಿಂದ ತೂಕ ಮೂರು ನಾಲ್ಕು ಪಟ್ಟು ಬೇಕಾಗುತ್ತೆ. ರಾಗಿ ಹುಲ್ಲನ್ನು ಕೊಡವಿ, ಧೂಳಿದ್ದರೆ ನೀರು ಚಿಮುಕಿಸಿ ಹಾಕುತ್ತೇನೆ. ಬೂಸ್ಟು ಹಿಡಿದ ಹುಲ್ಲು ಎತ್ತು ತಿಂದು ಅರಗಿಸಿಕೊಂಡರೂ ಕುದುರೆಗೆ ಕೆಮ್ಮು ಕಟ್ಟಿಟ್ಟದ್ದು.

ಹುರುಳಿ ನಮ್ಮ ಹೊಲದ್ದೇ. ಇಂಗ್ಲಿಷಿನವರು ಇದನ್ನು ಹಾರ್ಸ್ ಗ್ರಾಂ, ಅಂದರೆ ಕುದುರೆ ಕಾಳು ಅಂತಲೇ ಕರೆದರು. ದಿನಕ್ಕೆ ಮುಕ್ಕಾಲು ಕೆ.ಜಿ. ಸಾಕು, ಎರಡು ಹೊತ್ತಿಗೆ ಹಂಚಿ. ರಾತ್ರಿ ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಸುಕುವಂತೆ ಬೇಯಿಸಿ, ಆರಿಸಿ, ಕುಟ್ಟಿ ಕೊಡುತ್ತೇನೆ. ಹಸಿ ಕಾಳು ಸರಿಯಾಗಿ ಅರಗೋದಿಲ್ಲ. ಬೇಸಿಗೆಯಲ್ಲಿ ಬೆಳಗ್ಗೆ ಬೇಯಿಸಿದ್ದು ಸಂಜೆಗೆ ಹುಳಿಯಾಗುತ್ತೆ, ಮಿಕ್ಕಿದ್ದನ್ನು ಮತ್ತೆ ಇಡಬೇಡಿ. ಕೆಲಸ ಇಲ್ಲದ ದಿನ ಕಾಳು ಅರ್ಧ ಮಾಡಿ. ಹುಲ್ಲು ಕಮ್ಮಿ ಮಾಡಬೇಡಿ.

ಬೂಸಾ ಅರ್ಧ ಕೆ.ಜಿ. ಮೇಲೆ ಬೇಡ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಮ್ಮಿ. ಬರೀ ಬೂಸಾದಲ್ಲೇ ಸಾಕಿದರೆ ಮೂಳೆ ಟೊಳ್ಳಾಗಿ ಮುಖದ ಮೂಳೆ ಊದುತ್ತೆ. ನೀರಿನ ಅನುಕೂಲ ಇರುವವರು ಒಂದು ಮಡಿ ಕುದುರೆ ಮಸಾಲೆ ಸೊಪ್ಪು ಹಾಕಿಕೊಂಡರೆ ಸುಣ್ಣದ ಕೊರತೆ ತುಂಬುತ್ತೆ. ಒಂದು ಚಮಚ ಉಪ್ಪು ದಿನವೂ ಬೇಕು, ಬೆವರಿದ ದಿನ ಎರಡು.

ನೀರು ದಿನಕ್ಕೆ ಎರಡು ಬಿಂದಿಗೆಯಾದರೂ ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನೀರು ಕಮ್ಮಿಯಾಗಿ ಒಣ ಹುಲ್ಲು ತಿಂದರೆ ಕರುಳಿನಲ್ಲಿ ಗಟ್ಟಿ ಕಟ್ಟಿಕೊಳ್ಳುತ್ತೆ. ಮಾಗಡಿಯ ಹಳೇ ಜಟಕಾ ಸಾಹೇಬರೊಬ್ಬರು ನನಗೆ ಹೇಳಿದ್ದು: "ಮೊದಲು ನೀರು, ಆಮೇಲೆ ಹುಲ್ಲು, ಕೊನೆಗೆ ಕಾಳು. ದಣಿದು ಬಂದರೆ ಬೆವರು ಆರೋತನಕ ಕಾಳು ಮುಟ್ಟಿಸಬೇಡಿ." ಆ ಮಾತು ಎರಡು ವರ್ಷ ಮೊದಲೇ ಕೇಳಿದ್ದರೆ ನನ್ನ ಕುದುರೆ ಕುಂಟುತ್ತಿರಲಿಲ್ಲ.

ದನಕ್ಕೆ ಸರಿ, ಕುದುರೆಗೆ ವಿಷ

ನಮ್ಮ ಕಡೆ ಈಗ ಕೋಳಿ ಫಾರಂ ಬೇಕಾದಷ್ಟು. ಮಿಕ್ಕ ಕೋಳಿ ಫೀಡನ್ನು ಕುದುರೆಗೆ ಹಾಕಲೇಬೇಡಿ. ಕೋಳಿಯ ರಕ್ತಭೇದಿ ತಡೆಯಲು ಅದರಲ್ಲಿ ಮೊನೆನ್ಸಿನ್, ಸಾಲಿನೋಮೈಸಿನ್ ಅನ್ನೋ ಔಷಧಿ ಸೇರಿಸಿರುತ್ತಾರೆ. ಕೋಳಿಗೆ ಅದು ಮದ್ದು. ಕುದುರೆಗೆ ಸ್ವಲ್ಪ ಹೋದರೂ ಹೃದಯ ಕೆಟ್ಟು ಸಾಯುತ್ತೆ. ಕೆಲವು ದನದ ಫೀಡಿನಲ್ಲೂ ಮೊನೆನ್ಸಿನ್ ಇರಬಹುದು, ವಿಚಾರಿಸದೆ ಕೊಡಬೇಡಿ.

ಸುಬಾಬುಲ್ ಸೊಪ್ಪು ಮೇಕೆಗೆ ಹಾಕುತ್ತೇವೆ. ಕುದುರೆ ದಿನಾ ತಿಂದರೆ ಜೂಲು, ಬಾಲದ ಕೂದಲು ಉದುರುತ್ತೆ. ಮೆರವಣಿಗೆ ಕುದುರೆಗೆ ಜೂಲೇ ಅಲಂಕಾರ! ಬೂಸ್ಟು ಹಿಡಿದ ಮುಸುಕಿನ ಜೋಳ ಮೆದುಳಿಗೇ ಏಟು ಕೊಡುತ್ತೆ.

ಯಾವುದೇ ಮೇವು ಬದಲಿಸುವಾಗ ಎಂಟು ಹತ್ತು ದಿನ ಹಳೆಯದಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ. ಬೆಳಗ್ಗೆ ಎದ್ದ ಕೂಡಲೇ ಲದ್ದಿ ನೋಡಿ. ಉಂಡೆ ಉಂಡೆಯಾಗಿ, ಬಿದ್ದರೆ ಒಡೆಯುವಂತಿದ್ದರೆ ಸರಿ. ಗಟ್ಟಿಯಾದರೆ ನೀರು ಸಾಲದು, ತೆಳ್ಳಗಾದರೆ ಕಾಳು ಹೆಚ್ಚಾಗಿದೆ. ಲದ್ದಿಯೇ ಇಲ್ಲದಿದ್ದರೆ ಮನೆ ಮದ್ದು ಹುಡುಕಬೇಡಿ, ಡಾಕ್ಟರಿಗೆ ಹೇಳಿ ಕಳಿಸಿ.

ಮದುವೆ ಮನೆಯವರು ಈಗಲೂ ಪ್ರೀತಿಯಿಂದ ಅನ್ನ, ಲಾಡು ಹಿಡಿದು ಬರುತ್ತಾರೆ. ನಾನು ಚೀಲದಿಂದ ಒಂದು ಹಿಡಿ ಗರಿಕೆ ತೆಗೆದು ಅವರ ಕೈಗೇ ಕೊಡುತ್ತೇನೆ. "ಇದನ್ನ ತಿನ್ನಿಸಿ ಸ್ವಾಮಿ, ನಿಮಗೂ ಪುಣ್ಯ, ನನಗೂ ನಷ್ಟ ಇಲ್ಲ" ಅನ್ನುತ್ತೇನೆ. ಕುದುರೆ ಸಾಕಿರುವ ಬೇರೆ ರೈತರೂ ತಮ್ಮ ಅನುಭವ ಬರೆದರೆ ನನ್ನಂಥವರಿಗೆ ಉಪಕಾರ.