ಹಸಿರು ಖಾಲಿಯಾದ ಭಾನುವಾರ

ಸೋಮವಾರ ಶಾಲೆಗೆ ಚಿತ್ರ ಒಪ್ಪಿಸಬೇಕಿತ್ತು. ಭಾನುವಾರ ಮಧ್ಯಾಹ್ನ ಮೊಮ್ಮಗಳು ಭತ್ತದ ಗದ್ದೆ ಬಿಡಿಸಿ, ಬಣ್ಣದ ಡಬ್ಬಿ ತೆರೆದವಳೇ ಅಳುಮುಖ ಮಾಡಿದಳು.

“ತಾತಾ, ಹಸಿರೇ ಖಾಲಿ! ಹೊಸ ಡಬ್ಬಿ ಕೊಡಿಸು.”

“ಒಂದು ಬಣ್ಣಕ್ಕೆ ಇಡೀ ಡಬ್ಬಿಯೇ? ಹಳದಿ ಇದೆ, ನೀಲಿ ಇದೆ. ಅಡುಗೆಮನೆಯಿಂದ ಒಂದು ಬಿಳಿ ತಟ್ಟೆ ತಾ” ಎಂದೆ.

ಮಕ್ಕಳೇ, ಚಿತ್ರಕಲೆಯ ಪಾಠದಲ್ಲಿ ಕೆಂಪು, ಹಳದಿ, ನೀಲಿ ಇವು ಮೂಲಬಣ್ಣಗಳು. ಕೆಂಪಿಗೆ ಹಳದಿ ಸೇರಿದರೆ ಕಿತ್ತಳೆ, ಹಳದಿಗೆ ನೀಲಿ ಸೇರಿದರೆ ಹಸಿರು, ನೀಲಿಗೆ ಕೆಂಪು ಸೇರಿದರೆ ನೇರಳೆ.

ಇದು ಹೇಗೆ? ಬಿಳಿ ಬೆಳಕಿನೊಳಗೆ ಹಲವು ಬಣ್ಣಗಳಿವೆ ಎಂದು ಪಟ್ಟಕ ಹಿಡಿದು ತೋರಿಸಿದವರು ಐಸಾಕ್ ನ್ಯೂಟನ್. 1704ರಲ್ಲಿ ಬಂದ ತಮ್ಮ ‘ಆಪ್ಟಿಕ್ಸ್’ ಪುಸ್ತಕದಲ್ಲಿ ಅವರು ಬಣ್ಣಗಳನ್ನು ಚಕ್ರದಂತೆ ಜೋಡಿಸಿದರು. ನಮ್ಮ ಹಳದಿ ಬಣ್ಣ ಬೆಳಕಿನ ನೀಲಿಯನ್ನು ನುಂಗುತ್ತದೆ. ನೀಲಿ ಬಣ್ಣ ಕೆಂಪನ್ನು ನುಂಗುತ್ತದೆ. ಎರಡೂ ಬೆರೆತಾಗ ನುಂಗದೆ ಉಳಿದು ಕಣ್ಣಿಗೆ ಬರುವುದು ಹೆಚ್ಚಾಗಿ ಹಸಿರು.

ಬೆರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹಳದಿ ಹಾಕಿ, ನೀಲಿಯನ್ನು ಕುಂಚದ ತುದಿಯಿಂದ ಚೂರುಚೂರೇ ಸೇರಿಸಬೇಕು. ನೀಲಿಗೆ ಹಳದಿ ಸೇರಿಸಹೊರಟರೆ ಹಳದಿಯೆಲ್ಲ ಮುಗಿದರೂ ತಿಳಿಹಸಿರು ಬಾರದು.

ಹಸಿರೇನೋ ಬಂತು, ಆದರೆ ಪ್ಲಾಸ್ಟಿಕ್ ಎಲೆಯಂತೆ ಹೊಳೆಯುತ್ತಿತ್ತು. ಒಂದು ಚೂರು ಕೆಂಪು ಮುಟ್ಟಿಸಿದೆವು. ಹೊಳಪು ತಗ್ಗಿ, ಗದ್ದೆಯ ಪೈರಿನ ಹಸಿರಾಯಿತು. ಬಣ್ಣದ ಚಕ್ರದಲ್ಲಿ ಕೆಂಪು ಹಸಿರಿಗೆ ಎದುರು. ಎದುರಿನ ಬಣ್ಣ ತುಸು ಸೇರಿದರೆ ಹೊಳಪು ಇಳಿಯುತ್ತದೆ.

ಧೈರ್ಯ ಬಂದ ಮೊಮ್ಮಗಳು ಸಂಜೆಯ ಆಕಾಶಕ್ಕೆ ನೇರಳೆ ಬೆರೆಸಿದಳು. ಬಂದದ್ದು ಕೆಸರು! “ನನಗೆ ಬರಲ್ಲ ಬಿಡು” ಎಂದು ಕುಂಚ ಕೆಳಗಿಟ್ಟಳು.

ತಪ್ಪು ಅವಳದಲ್ಲ. ಅವಳು ತೆಗೆದುಕೊಂಡದ್ದು ಕಿತ್ತಳೆಯತ್ತ ವಾಲಿದ ಕೆಂಪು. ಅದರೊಳಗೆ ಹಳದಿಯ ಛಾಯೆಯಿದೆ. ನೀಲಿ ಸೇರಿದಾಗ ಮೂರೂ ಮೂಲಬಣ್ಣಗಳು ಕೂಡಿದಂತಾಯಿತು. ಮೂರೂ ಕೂಡಿದರೆ ಮಣ್ಣಿನ ಬಣ್ಣವೇ. ಡಬ್ಬಿಯಲ್ಲಿ ಗುಲಾಬಿಯತ್ತ ವಾಲಿದ ಇನ್ನೊಂದು ಕೆಂಪಿತ್ತು. ಕುಂಚ ತೊಳೆದು, ನೀರು ಬದಲಿಸಿ ಅದನ್ನು ಬೆರೆಸಿದಳು. ನೇರಳೆ ಬಂತು!

ನಿಮ್ಮ ಮನೆಗೆ ಬರುವ ದಿನಪತ್ರಿಕೆಯ ಬಣ್ಣದ ಪುಟದ ಅಂಚನ್ನು ಗಮನಿಸಿ. ಎಷ್ಟೋ ಸಲ ಅಲ್ಲಿ ನಾಲ್ಕು ಪುಟ್ಟ ಚುಕ್ಕೆಗಳಿರುತ್ತವೆ: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ರಾಣಿ ಬಣ್ಣ, ಹಳದಿ, ಕಪ್ಪು. ಪುಟದ ಬಣ್ಣದ ಚಿತ್ರಗಳೆಲ್ಲ ಈ ನಾಲ್ಕರಿಂದಲೇ ಅಚ್ಚಾಗುತ್ತವೆ. ಅಚ್ಚಿನವರೂ ನೇರಳೆಗೆ ಗುಲಾಬಿಯತ್ತ ವಾಲಿದ ಬಣ್ಣವನ್ನೇ ನಂಬುತ್ತಾರೆ.

ಅಜ್ಜ ಅಜ್ಜಿಯರೇ, ಮುಂದಿನ ರಜೆಯಲ್ಲಿ ಮೊಮ್ಮಕ್ಕಳ ಮುಂದೆ ಮೂರೇ ಬಣ್ಣ ಇಡಿ. ಎಷ್ಟು ಬಣ್ಣ ಹುಟ್ಟುತ್ತವೆಂದು ಜೊತೆಗೆ ಕೂತು ಎಣಿಸಿ. ಒಂದೊಂದನ್ನೂ ಹಾಳೆಯ ಮೇಲೆ ಬಳಿದು, ಯಾವುದಕ್ಕೆ ಯಾವುದು ಸೇರಿತೆಂದು ಪಕ್ಕದಲ್ಲೇ ಬರೆಸಿ. ಒಣಗಿದ ಮೇಲೆ ನೀರಿನ ಬಣ್ಣ ತುಸು ತಿಳಿಯಾಗುತ್ತದೆ, ಅದನ್ನೂ ನೋಡಲಿ.

ಅಂದಹಾಗೆ, ತಟ್ಟೆಯಲ್ಲಿದ್ದ ಆ ಕೆಸರನ್ನು ತೊಳೆಯಹೋದ ನನ್ನ ಕೈಯನ್ನು ಮೊಮ್ಮಗಳು ತಡೆದಳು.

“ಇರಲಿ ತಾತಾ, ಗದ್ದೆಯ ಬದುವಿಗೆ ಬೇಕು.”